ಇಲ್ಲದುದರಿಂದ ಇದ್ದುದನ್ನು ಅರಿತ ಬಗೆ

‘ಕಿಣ್ವ’ ಎಂಬುದು ಬಹು ಹಳೆಯ ಶಬ್ದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯ ಮಾಡಲು ಬೆರೆಸುವ ಹುದುಗಿಗೆ ಈ ಹೆಸರುಂಟು. ಇಂದು ನಾವು ‘ಎನ್‌ಜೈಮ್’ ಎಂಬುದಕ್ಕೆ ಅದೇ ಶಬ್ದವನ್ನು ಸಲ್ಲಿಸಿದ್ದೇವೆ. 1870ರ ದಶಕದಲ್ಲಿ ಜರ್ಮನಿಯ ಕ್ಯೂನೆ ಎಂಬ ವಿದ್ವಾಂಸನು ಗ್ರೀಕ್ ಧಾತುಗಳಿಂದ ಕಟ್ಟಿದ ಆ ಪದಕ್ಕೂ ‘ಹುದುಗಿನೊಳಗಿರುವುದು’ ಎಂದೇ ಅರ್ಥ!

ಹುದುಗು, ಎಂದರೆ ಯೀಸ್ಟ್, ಒಂದೇ ಕೋಶದ ಜೀವಿ. ಅದರೊಳಗೆ ರಸದಾನಿಯೆಂಬ ಪುಟ್ಟ ಚೀಲ; ಅದರಲ್ಲಿ ಪ್ರೋಟೀನುಗಳನ್ನು ಕತ್ತರಿಸುವ ಹಲವು ಕಿಣ್ವಗಳು. ಯಾವ ಕಿಣ್ವವನ್ನು ಯಾವ ವಂಶವಾಹಿ ಮಾಡಿಸುತ್ತದೆ? ಇದನ್ನು ತಿಳಿಯುವುದು ಹೇಗೆ? ದಿನವೂ ಅಂಗಳ ಗುಡಿಸುವವರು ಯಾರೆಂಬುದು ಕಸ ಹಾಗೆಯೇ ಬಿದ್ದಿರುವ ದಿನವೇ ನಮಗೆ ಅರಿವಾಗುವುದಷ್ಟೆ? ವಂಶವಾಹಿಯೂ ಹಾಗೆ, ಕೆಟ್ಟಾಗ ಅದರ ಕೆಲಸ ತಿಳಿಯುತ್ತದೆ. 1941ರಲ್ಲಿ ಅಮೆರಿಕದ ಬೀಡ್ಲ್ ಮತ್ತು ಟೇಟಮ್ ಬ್ರೆಡ್ಡಿನ ಬೂಷ್ಟಿನಲ್ಲಿ ತೋರಿಸಿದ ದಾರಿ ಇದು.

1977ರಲ್ಲಿ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದುಷಿ ಎಲಿಜಬೆತ್ ಜೋನ್ಸ್ ಇದೇ ದಾರಿಯಲ್ಲಿ ನಡೆದು ತಮ್ಮ ಶೋಧವನ್ನು ಪ್ರಕಟಿಸಿದರು. ವಂಶವಾಹಿ ಕೆಡಿಸಿದ ಯೀಸ್ಟನ್ನು ತಟ್ಟೆಗಳಲ್ಲಿ ಬೆಳೆಸಿ, ಮೇಲೆ ಪರೀಕ್ಷಾದ್ರವ್ಯ ಹೊಯ್ದರೆ, ಕಾರ್ಬಾಕ್ಸಿಪೆಪ್ಟಿಡೇಸ್ ವೈ ಎಂಬ ಕಿಣ್ವವಿದ್ದ ಗುಂಪುಗಳು ಕೆಂಪಾಗುತ್ತವೆ. ಇಲ್ಲದವು ಹಳದಿಯಾಗಿಯೇ ಉಳಿಯುತ್ತವೆ. ಎರಡು ಊನ ತಳಿಗಳನ್ನು ಕೂಡಿಸಿದಾಗ ಸಂತಾನ ಸರಿಯಾಗಿದ್ದರೆ, ದೋಷಗಳು ಬೇರೆ ಬೇರೆ ವಂಶವಾಹಿಗಳಲ್ಲಿವೆ ಎಂದರ್ಥ. ಹೀಗೆ ಎಣಿಸಿದಾಗ ಒಂದಲ್ಲ, 16 ವಂಶವಾಹಿಗಳು ಕಂಡವು!

ಒಂದು ಕಿಣ್ವಕ್ಕೆ ಇಷ್ಟೇಕೆ? ‘ಪೆಪ್ 4’ ಎಂಬ ತಳಿ ಇನ್ನೂ ಸೋಜಿಗದ್ದು. ಅದರಲ್ಲಿ ಕಾರ್ಬಾಕ್ಸಿಪೆಪ್ಟಿಡೇಸ್ ಮಾತ್ರವಲ್ಲ, ಪ್ರೋಟೀನೇಸ್ ಎ, ಬಿ ಎಂಬ ಕಿಣ್ವಗಳೂ ಕೆಲಸ ಮಾಡುತ್ತಿರಲಿಲ್ಲ. ಉತ್ತರ ದೊರೆತದ್ದು 1986ರಲ್ಲಿ. ಪೆಪ್ 4 ಎಂಬುದು ಪ್ರೋಟೀನೇಸ್ ಎ ಕಿಣ್ವದ ವಂಶವಾಹಿಯೇ. ಉಳಿದೆರಡು ಕಿಣ್ವಗಳು ಮೊದಲು ನಿಷ್ಕ್ರಿಯವಾಗಿ ಹುಟ್ಟುತ್ತವೆ. ಅವುಗಳನ್ನು ಎಚ್ಚರಿಸುವ ಕೆಲಸ ಈ ‘ಎ’ ಇಂದ ಮೊದಲಾಗುತ್ತದೆ. ಉಗ್ರಾಣದ ಬೀಗದ ಕೈ ಇದ್ದವನು ಬಾರದಿದ್ದರೆ, ಅಡುಗೆಯವರೆಲ್ಲ ಬಂದಿದ್ದರೂ ಒಲೆ ಹತ್ತುವುದಿಲ್ಲ. ಕೆಲಸ ನಿಂತಿತೆಂದು ಅಡುಗೆಯವರನ್ನೇ ದೂರಬಾರದು.

ಈ ಊನ ತಳಿಗಳು ಮುಂದೆ ದೊಡ್ಡ ಉಪಕಾರ ಮಾಡಿದವು. ರಸದಾನಿಯ ಕಿಣ್ವಗಳಿಲ್ಲದ ಯೀಸ್ಟನ್ನು ಜಪಾನಿನ ಯೋಶಿನೋರಿ ಓಸುಮಿ ಉಪವಾಸ ಕೆಡವಿದರು. ಕೋಶವು ತನ್ನದೇ ಭಾಗಗಳನ್ನು ಗಂಟುಕಟ್ಟಿ ರಸದಾನಿಗೆ ಸಾಗಿಸುವುದು, ಜೀರ್ಣವಾಗದೆ ಉಳಿದ ಆ ಗಂಟುಗಳಿಂದಲೇ ಅವರಿಗೆ ಕಂಡಿತು. ಅದು 1992ರಲ್ಲಿ ಪ್ರಕಟವಾಯಿತು. 2016ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಮಕ್ಕಳ ಲೆಕ್ಕದಲ್ಲಿ ತಪ್ಪು ಕಂಡರೆ ಕೆಂಪು ಗೆರೆ ಎಳೆದುಬಿಡುವುದು ನಮ್ಮ ಉಪಾಧ್ಯಾಯರ ರೂಢಿ. ಆ ತಪ್ಪು ಎಲ್ಲಿ ಹುಟ್ಟಿತೆಂದು ಕೇಳುವ ತಾಳ್ಮೆಯನ್ನು ಈ ಹಳದಿ ಚುಕ್ಕೆಗಳು ನಮಗೆ ಕಲಿಸಬೇಕು.