ಅಜ್ಜಿಯ ಪಾಸ್‌ಪುಸ್ತಕ

ನಮ್ಮಜ್ಜಿಗೆ ಬ್ಯಾಂಕು ಎಂದರೆ ಸಿಟ್ಟು. ಹಾಲು ಮಾರಿ ಕೂಡಿಸಿದ ಹಣವನ್ನು ಅವರು ಇಟ್ಟಿದ್ದ ಸಣ್ಣ ಬ್ಯಾಂಕೊಂದು 1950ರ ದಶಕದಲ್ಲಿ ಒಂದು ದಿನ ಬಾಗಿಲು ತೆರೆಯಲೇ ಇಲ್ಲವಂತೆ. ಆ ಪಾಸ್‌ಪುಸ್ತಕ ಕೊನೆಯವರೆಗೂ ಅವರ ಟ್ರಂಕಿನಲ್ಲಿತ್ತು. ಕೊನೆಯ ಸಾಲಿನಲ್ಲಿ 412 ರೂಪಾಯಿ.

ಶಾಲೆಯಲ್ಲಿ ಇತಿಹಾಸ ಪಾಠ ಮಾಡುವಾಗ ನನಗೆ ಆ ಪುಸ್ತಕ ನೆನಪಾಗುತ್ತದೆ. ಆಗ ಬ್ಯಾಂಕು ಮುಳುಗುವುದು ಅಪರೂಪವಾಗಿರಲಿಲ್ಲ. 1949ರ ಕಾಯಿದೆ ಬ್ಯಾಂಕುಗಳ ಲೆಕ್ಕ ತಪಾಸಣೆ ಮಾಡುವ, ಪರವಾನಗಿ ಕೊಡುವ ಅಧಿಕಾರವನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟಿತ್ತು. ಆದರೂ 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. ಸರ್ಕಾರ ಎಚ್ಚೆತ್ತುಕೊಂಡದ್ದು ಆಗ. ದುರ್ಬಲ ಬ್ಯಾಂಕುಗಳನ್ನು ಗಟ್ಟಿ ಬ್ಯಾಂಕುಗಳೊಳಗೆ ಕಡ್ಡಾಯವಾಗಿ ಸೇರಿಸುವ ಅವಕಾಶ ಬಂತು. 1962ರ ಜನವರಿ 1ರಿಂದ ಒಬ್ಬೊಬ್ಬರ ಠೇವಣಿಗೂ 1,500 ರೂಪಾಯಿವರೆಗೆ ವಿಮೆ ಸಿಕ್ಕಿತು.

1951ರಲ್ಲಿ 566 ಇದ್ದ ವಾಣಿಜ್ಯ ಬ್ಯಾಂಕುಗಳು 1969ರ ಹೊತ್ತಿಗೆ 89ಕ್ಕೆ ಇಳಿದವು. ನಮ್ಮ ಕರಾವಳಿಯ ವಿಜಯಾ ಬ್ಯಾಂಕೊಂದೇ ಆ ದಶಕದಲ್ಲಿ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡಿತು. ಗುರುತಿನವರ ಮುಖ ನೋಡಿ ಸಾಲ ಕೊಡುತ್ತಿದ್ದ ಊರ ಬ್ಯಾಂಕುಗಳು ಹೋದವು. ಅದು ನಷ್ಟವೇ. ಆದರೆ ಹಾಗೆ ಮುಖ ನೋಡಿ ಕೊಟ್ಟ ಸಾಲ ವಾಪಸು ಬಾರದೆ ಮುಳುಗಿದ ಬ್ಯಾಂಕುಗಳೂ ಇದ್ದವಲ್ಲ! ಕಟ್ಟುಪಾಡು ಬಿಗಿಯಾದ ಮೇಲೆ ಉಳಿದ ಬ್ಯಾಂಕುಗಳು ಗಟ್ಟಿಯಾದವು. ಹೆಂಗಸರು ಧೈರ್ಯವಾಗಿ ಖಾತೆ ತೆರೆದರು.

ಆ ವಿಮೆ ಕೆಲವು ವರ್ಷ ಮೊದಲೇ ಬಂದಿದ್ದರೆ ಅಜ್ಜಿಯ 412 ರೂಪಾಯಿ ಪೂರ್ತಿ ಕೈಸೇರುತ್ತಿತ್ತು. 2020ರಲ್ಲಿ ಅದರ ಮಿತಿ ಐದು ಲಕ್ಷವಾಯಿತು. ಠೇವಣಿ ಇಡುವಾಗ ನಾನು ಬಡ್ಡಿಗಿಂತ ಮೊದಲು ವಿಮೆಯ ವಿಷಯ ಕೇಳುತ್ತೇನೆ. ಹಾಗೆ ಕೇಳಬೇಕೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ.