ಪಿಟೀಲು–ಸಿತಾರ್ ಸಮಾಗಮ

ಎರಡು ಸಂಗೀತ ಪದ್ಧತಿಗಳ ವಿದ್ವಾಂಸರು ಒಂದೇ ವೇದಿಕೆಯ ಮೇಲೆ ಕುಳಿತು ನುಡಿಸುವುದು ಇಂದು ಸಾಮಾನ್ಯವಾದ ಸಂಗತಿ. ಆದರೆ ಕೂಡಿ ಕುಳಿತವರೆಲ್ಲರೂ ಕೂಡಿ ನುಡಿಸಿದರೆಂದು ಹೇಳಲಾಗದು. ಒಬ್ಬರು ನುಡಿಸುವಾಗ ಇನ್ನೊಬ್ಬರು ತಮ್ಮ ಸರದಿಗಾಗಿ ಕಾದಿರುವುದು ಬೇರೆ. ಒಬ್ಬರ ನಾದಕ್ಕೆ ಇನ್ನೊಬ್ಬರು ಮನಸ್ಸನ್ನು ತೆರೆದು ತಮ್ಮದನ್ನು ಹದಗೊಳಿಸಿಕೊಳ್ಳುವುದು ಬೇರೆ. ಮೊದಲನೆಯದು ಪ್ರದರ್ಶನ, ಎರಡನೆಯದು ಸಮಾಗಮ. ಈ ಭೇದವನ್ನು ತಿಳಿಯಲು ಪಾಶ್ಚಾತ್ಯ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮತ್ತು ಸಿತಾರ್ ವಾದಕ ಪಂಡಿತ ರವಿಶಂಕರ ಇವರ ಸಹವಾದನದ ಇತಿಹಾಸವು ಉತ್ತಮ ನಿದರ್ಶನವಾಗಿದೆ.

ಮೆನುಹಿನ್ ಅವರು 1916ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಅವರ ಕೀರ್ತಿ ಎರಡು ಖಂಡಗಳಲ್ಲಿ ಹರಡಿತು. 1932ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ಎಲ್ಗರ್ ಅವರ ಪಿಟೀಲು ಕೃತಿಯನ್ನು ಆ ರಚನಕಾರರ ನಿರ್ದೇಶನದಲ್ಲಿಯೇ ನುಡಿಸಿ ಧ್ವನಿಮುದ್ರಿಸಿದರು. ರವಿಶಂಕರರು 1920ರಲ್ಲಿ ಕಾಶಿಯಲ್ಲಿ ಜನಿಸಿ, ಅಣ್ಣ ಉದಯಶಂಕರರ ನೃತ್ಯಮೇಳದೊಡನೆ ಬಾಲ್ಯದಲ್ಲಿಯೇ ಪ್ಯಾರಿಸಿಗೆ ಹೋದವರು. ಅನಂತರ ಆ ವೈಭವವನ್ನೆಲ್ಲ ತೊರೆದು, ಮೈಹರಿನ ಉಸ್ತಾದ್ ಅಲ್ಲಾವುದ್ದೀನ್ ಖಾನರ ಬಳಿ ಕಠೋರವಾದ ಗುರುಸೇವೆಯಲ್ಲಿ ನಿಂತು ಕಲಿತರು. ಸ್ವತಃ ಪಿಟೀಲನ್ನೂ ಬಲ್ಲವರಾಗಿದ್ದ ಆ ಗುರುಗಳು ದೇಶಿ ಹಾಗೂ ವಿದೇಶಿ ವಾದ್ಯಗಳನ್ನು ಕೂಡಿಸಿ ಮೈಹರಿನಲ್ಲಿ ಒಂದು ವಾದ್ಯವೃಂದವನ್ನೇ ಕಟ್ಟಿದ್ದರೆಂಬುದು ಇಲ್ಲಿ ಗಮನಾರ್ಹ.

1952ರಲ್ಲಿ ಪ್ರಧಾನಿ ಜವಾಹರಲಾಲ ನೆಹರೂ ಅವರ ಆಹ್ವಾನದ ಮೇಲೆ ಮೆನುಹಿನ್ ಭಾರತಕ್ಕೆ ಬಂದರು. ಕ್ಷಾಮಪೀಡಿತರ ನೆರವಿಗಾಗಿ ಕಚೇರಿಗಳನ್ನು ನಡೆಸಿಕೊಟ್ಟರು. ಅದೇ ಪ್ರವಾಸದಲ್ಲಿ ಅವರಿಗೆ ಎರಡು ದೊಡ್ಡ ಪರಿಚಯಗಳಾದವು. ಒಂದು, ದೆಹಲಿಯಲ್ಲಿ ಕೇಳಿದ ರವಿಶಂಕರರ ಸಿತಾರ್ ವಾದನ. ಇನ್ನೊಂದು, ಕನ್ನಡ ನಾಡಿನ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರ್ಯರ ಸಾನ್ನಿಧ್ಯ. ದೇಹದ ಬಿಗಿತದಿಂದ ಬಳಲುತ್ತಿದ್ದ ಆ ವಾದಕನಿಗೆ ಒಬ್ಬರು ಆಸನವನ್ನು ಕಲಿಸಿದರೆ, ಇನ್ನೊಬ್ಬರು ರಾಗವನ್ನು ಕಲಿಸಿದರೆಂದು ಹೇಳಬಹುದು.

ಕೇಳಿ ಮೆಚ್ಚಿದುದನ್ನು ತನ್ನಲ್ಲಿಯೇ ಇರಿಸಿಕೊಳ್ಳದೆ ಹಂಚುವುದು ರಸಿಕನ ಧರ್ಮ. 1955ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಭಾರತೀಯ ಸಂಗೀತದ ಕಚೇರಿ ಏರ್ಪಟ್ಟಾಗ ಮೆನುಹಿನ್ ರವಿಶಂಕರರನ್ನು ಕರೆದರು. ಅವರಿಗೆ ಹೋಗಲಾಗಲಿಲ್ಲ, ಅವರ ಸಲಹೆಯಂತೆ ಗುರುಪುತ್ರ ಅಲಿ ಅಕ್ಬರ್ ಖಾನರು ಸರೋದನ್ನು ಹಿಡಿದು ಹೋದರು. ಆ ದೇಶದ ಶ್ರೋತೃಗಳಿಗೆ ಈ ಸಂಗೀತವನ್ನು ಪರಿಚಯಿಸುವ ಕೆಲಸವನ್ನು ಮೆನುಹಿನ್ ತಾವೇ ವಹಿಸಿಕೊಂಡರು. ಕೂಡಿ ನುಡಿಸುವ ಕಾಲ ಬರಲು ಇನ್ನೂ ಹನ್ನೊಂದು ವರ್ಷಗಳು ಬೇಕಾದವು.

ಇಂಗ್ಲೆಂಡಿನ ಬಾತ್ ನಗರದ ಸಂಗೀತೋತ್ಸವಕ್ಕೆ ಮೆನುಹಿನ್ ಅವರೇ ನಿರ್ದೇಶಕರಾಗಿದ್ದರು. 1966ರ ಉತ್ಸವದಲ್ಲಿ ಪಿಟೀಲು ಮತ್ತು ಸಿತಾರ್‌ಗಳ ಸಹವಾದನ ನಡೆಯಬೇಕೆಂದು ಗೊತ್ತಾಯಿತು. ತಬಲಾಕ್ಕೆ ಉಸ್ತಾದ್ ಅಲ್ಲಾರಖಾ ಇದ್ದರು. ತಿಲಂಗ್ ರಾಗವನ್ನು ಆಧರಿಸಿ ಬೇರೊಬ್ಬ ರಚನಕಾರರು ಸಿದ್ಧಪಡಿಸಿದ್ದ ಕೃತಿಯನ್ನು ರವಿಶಂಕರರು ತಮ್ಮ ಪದ್ಧತಿಗೆ ಒಪ್ಪುವಂತೆ ಬಹುಮಟ್ಟಿಗೆ ಮಾರ್ಪಡಿಸಿದರು.

ಇಲ್ಲಿಯ ಕಷ್ಟವೇನೆಂಬುದನ್ನು ವಾಚಕರು ಸ್ವಲ್ಪ ವಿಚಾರಿಸಬೇಕು. ಪಾಶ್ಚಾತ್ಯ ಸಂಗೀತದ ಶಾಸ್ತ್ರೀಯ ಪರಂಪರೆಯಲ್ಲಿ ಏಕಕಾಲಕ್ಕೆ ಹಲವು ಸ್ವರಗಳ ಮೇಳನವೇ ಪ್ರಧಾನ. ಕೃತಿಯ ನಡುವೆ ಆಧಾರಸ್ವರವೂ ಸ್ಥಾನ ಬದಲಿಸಬಹುದು. ನಮ್ಮಲ್ಲಿ ಷಡ್ಜವು ಅಚಲ. ಅದರ ಮೇಲೆ ರಾಗವು ಒಂದೊಂದಾಗಿ ದಳ ಬಿಚ್ಚುತ್ತದೆ. ಅಲ್ಲಿ ರಚನಕಾರನು ಬರೆದುದೇ ಪ್ರಮಾಣ. ಇಲ್ಲಿ ಗುರುಮುಖದಿಂದ ಬಂದುದನ್ನು ಮನೋಧರ್ಮದಿಂದ ಬೆಳೆಸುವುದೇ ವಿದ್ವತ್ತು. ಹೀಗಿರುವಾಗ, ಐವತ್ತು ವರ್ಷ ವಯಸ್ಸಿನ ಜಗತ್ಪ್ರಸಿದ್ಧ ವಾದಕನೊಬ್ಬನು, ತಾನು ಕಲಿತುದು ಸಾಲದಾಗುವ ಎಡೆಯಲ್ಲಿ ನಿಂತು ಸಭೆಯನ್ನು ಎದುರಿಸಬೇಕಾಗಿತ್ತು. ತಪ್ಪಿದರೆ ಹೋಗುವುದು ಒಂದು ಸಂಜೆಯ ಕಚೇರಿಯಷ್ಟೇ ಅಲ್ಲ, ಅರ್ಧ ಶತಮಾನದ ಹೆಸರು.

ಮೆನುಹಿನ್ ಈ ಕೊರತೆಯನ್ನು ಮರೆಮಾಚಲಿಲ್ಲ. ತಮ್ಮ ಪಾಲಿನ ಸ್ವರಗಳನ್ನು ಬರೆಯಿಸಿಕೊಂಡು, ಜಾರು, ಕಂಪಿತಗಳನ್ನು ರವಿಶಂಕರರಿಂದ ಕೇಳಿ ಕಲಿತರು. ರವಿಶಂಕರರೂ ತಮ್ಮ ವಿಸ್ತಾರವನ್ನು ಮಿತಗೊಳಿಸಿಕೊಂಡರು. ಹಿರಿಯನು ಶಿಷ್ಯನಾದನು, ಕಿರಿಯನು ಗುರುವಾದರೂ ಗರ್ವಿಯಾಗಲಿಲ್ಲ. ಸಮಾಗಮದ ಮರ್ಮವೆಲ್ಲ ಇಷ್ಟರಲ್ಲಿಯೇ ಇದೆ.

ಇದರ ಫಲವಾಗಿ ಹೊರಬಂದ ‘ವೆಸ್ಟ್ ಮೀಟ್ಸ್ ಈಸ್ಟ್’ ಎಂಬ ಧ್ವನಿಮುದ್ರಿಕೆಯ ಯೋಜನೆಯೂ ವಿವೇಕಪೂರ್ಣವಾದುದು. ಒಂದು ಪಾರ್ಶ್ವದಲ್ಲಿ ಪಿಟೀಲು–ತಬಲಾಗಳ ‘ಪ್ರಭಾತಿ’, ರವಿಶಂಕರರ ಪೂರಿಯಾ ಕಲ್ಯಾಣ್, ಇಬ್ಬರೂ ಕೂಡಿ ನುಡಿಸಿದ ‘ಸ್ವರಕಾಕಲಿ’ ಇವೆ. ಇನ್ನೊಂದು ಪಾರ್ಶ್ವದಲ್ಲಿ ಮೆನುಹಿನ್ ತಮ್ಮ ಗುರು ಎನೆಸ್ಕು ಅವರ ಕೃತಿಯನ್ನು ತಂಗಿ ಹೆಫ್ಜಿಬಾ ಅವರ ಪಿಯಾನೋದೊಡನೆ ನುಡಿಸಿದ್ದಾರೆ. ಪ್ರತಿಯೊಬ್ಬರಿಗೂ ತಮ್ಮ ನೆಲದ ಮೇಲೆ ನಿಲ್ಲಲು ಎಡೆಯುಂಟು. ಕೂಡುವ ನೆಲ ಮಾತ್ರ ಬೇರೆ. ಈ ಧ್ವನಿಮುದ್ರಿಕೆಗೆ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು. 1967ರ ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನದಂದು, ವಿಶ್ವಸಂಸ್ಥೆಯಲ್ಲಿ ಇವರು ಅಲ್ಲಾರಖಾರೊಡನೆ ಪೀಲೂ ರಾಗವನ್ನು ನುಡಿಸಿದರು. ರಾಷ್ಟ್ರಗಳು ಮಾತಿನಿಂದ ಹೊಂದಾಣಿಕೆಯನ್ನು ಅರಸುವ ಸಭೆಯಲ್ಲಿ ಈ ವಾದನವೂ ಒಂದು ವಾದವೇ ಆಗಿತ್ತು.

ಇಂಥ ಕೂಡುವಿಕೆಯಿಂದ ಪದ್ಧತಿಯ ಶುದ್ಧಿ ಕೆಡುವುದೆಂಬ ಆಕ್ಷೇಪವುಂಟು. ಆಕ್ಷೇಪ ನಿರಾಧಾರವಲ್ಲ, ತನ್ನದನ್ನು ಬಲ್ಲದವರು ಪರರದರೊಡನೆ ಬೆರೆತರೆ ಎರಡೂ ಕೆಡುತ್ತವೆ. ಆದರೆ ಬಲ್ಲವರ ಮಾತು ಬೇರೆ. ಪಶ್ಚಿಮದಿಂದ ಬಂದ ಪಿಟೀಲೇ ಕರ್ನಾಟಕ ಸಂಗೀತದಲ್ಲಿ ನೆಲೆಸಿ, ತಿರುಮಕೂಡಲಿನ ಚೌಡಯ್ಯನವರ (1895–1967) ಕೈಯಲ್ಲಿ ಏಳು ತಂತಿಗಳ ವಾದ್ಯವಾಗಿ ಮೆರೆಯಿತು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರಿನ ಆಸ್ಥಾನಕ್ಕೆ ಬಂದುಹೋಗುತ್ತಿದ್ದು ದಕ್ಷಿಣಾದಿಯ ಸಂಗೀತವನ್ನು ಆದರದಿಂದ ಕೇಳಿದರು. ತ್ಯಾಗರಾಜರ ಕೃತಿಯೊಂದನ್ನೂ ಹಾಡಿ ಧ್ವನಿಮುದ್ರಿಸಿದರು. ಗದಗಿನ ಪಂಚಾಕ್ಷರಿ ಗವಾಯಿಗಳು (1892–1944) ಉಭಯ ಪದ್ಧತಿಗಳನ್ನೂ ಸಾಧಿಸಿ, ತಮ್ಮಂತೆಯೇ ದೃಷ್ಟಿಹೀನರಾದ ಮಕ್ಕಳಿಗೆ ಅವನ್ನು ಧಾರೆಯೆರೆದರು. ಇವರಲ್ಲಿ ಯಾರಿಂದಲೂ ಯಾವ ಪದ್ಧತಿಗೂ ಕುಂದು ಬರಲಿಲ್ಲ.

ಮೆನುಹಿನ್ 1999ರಲ್ಲಿಯೂ ರವಿಶಂಕರರು 2012ರಲ್ಲಿಯೂ ದಿವಂಗತರಾದರು. ಅವರ ಸಹವಾದನವು ಎರಡು ಪದ್ಧತಿಗಳನ್ನು ಬೆರೆಸಿ ಮೂರನೆಯದೊಂದನ್ನು ನಿರ್ಮಿಸಲಿಲ್ಲ. ನಿರ್ಮಿಸುವೆವೆಂದು ಅವರು ಹೊರಟವರೂ ಅಲ್ಲ. ಎರಡು ದೀಪಗಳನ್ನು ಹತ್ತಿರ ಇರಿಸಿದಾಗ ಬೆಳಕು ಒಂದಾಗುತ್ತದೆ, ಬತ್ತಿಗಳು ಬೇರೆಯಾಗಿಯೇ ಉರಿಯುತ್ತವೆ. ತನ್ನದರಲ್ಲಿ ನಿಷ್ಠೆ, ಪರರದರಲ್ಲಿ ಆದರ, ತಿಳಿಯದುದನ್ನು ತಿಳಿಯದೆಂದು ಒಪ್ಪುವ ವಿನಯ – ಈ ಮೂರೂ ಕೂಡಿದಲ್ಲಿ ಮಾತ್ರ ಅಂಥ ಸಮಾಗಮ ಸಾಧ್ಯ.