ದೊಡ್ಡ ಅಕ್ವೇರಿಯಂಗೆ ಮರದ ಪೀಠ

ಪೀಠ ಹೊರುವ ಭಾರ

4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಗಾಜಿನ ತೊಟ್ಟಿಯನ್ನು ಅಂಚಿಗಿಂತ ತುಸು ಕೆಳಗಿನವರೆಗೆ ತುಂಬಿಸಿದರೂ 300 ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. 12 ಮಿಲಿಮೀಟರ್ ದಪ್ಪದ ಗಾಜಿನದೇ ಸುಮಾರು 75 ಕಿಲೋ. ಜಲ್ಲಿ, ಕಲ್ಲು, ಮುಚ್ಚಳ ಸೇರಿದರೆ ಒಟ್ಟು ಭಾರ 400 ಕಿಲೋ ದಾಟುತ್ತದೆ. ಇದನ್ನು ವರ್ಷಗಟ್ಟಲೆ ಕದಲದೆ ಹೊರುವ ಚೌಕಟ್ಟೇ ಅಕ್ವೇರಿಯಂ ಪೀಠ ಅಥವಾ ಸ್ಟ್ಯಾಂಡ್.

ಟಿ.ವಿ. ಮೇಜು, ಪುಸ್ತಕದ ಕಪಾಟು ಈ ಕೆಲಸಕ್ಕೆ ಒದಗವು. ತೊಟ್ಟಿಯ ಭಾರ ಒಂದು ಗಳಿಗೆಯೂ ಇಳಿಯುವುದಿಲ್ಲ; ಸದಾ ಭಾರ ಹೊತ್ತ ಮರ ಕಾಲಕ್ರಮೇಣ ಇನ್ನಷ್ಟು ಬಾಗುತ್ತದೆ. ಈ ಗುಣಕ್ಕೆ ಕ್ರೀಪ್ ಎಂದು ಹೆಸರು.

ಭಾರ ಇಳಿಯುವ ದಾರಿ

ತೊಟ್ಟಿಯ ಭಾರ ಮೇಲಿನ ಚೌಕಟ್ಟಿಗೆ, ಅಲ್ಲಿಂದ ಕಾಲುಗಳಿಗೆ, ಕೆಳಚೌಕಟ್ಟಿನ ಮೂಲಕ ನೆಲಕ್ಕೆ ಇಳಿಯಬೇಕು. ಈ ದಾರಿಯುದ್ದಕ್ಕೂ ಮರದ ಮೇಲೆ ಮರವೇ ಕೂತಿರಬೇಕು. ಕಾಲಿನ ಪಕ್ಕಕ್ಕೆ ಅಡ್ಡಪಟ್ಟಿ ಒತ್ತಿ ಸ್ಕ್ರೂ ಬಿಗಿದರೆ ಇಡೀ ತೊಟ್ಟಿ ನಾಲ್ಕಾರು ಸ್ಕ್ರೂಗಳಿಗೆ ಜೋತುಬೀಳುತ್ತದೆ. ನೋಟಕ್ಕೆ ಅಚ್ಚುಕಟ್ಟೆಂದು ಹೀಗೆ ಮಾಡುವವರಿದ್ದಾರೆ, ಮಾಡಬಾರದು. ಪಟ್ಟಿ ಕಾಲಿನ ನೆತ್ತಿಯ ಮೇಲೆಯೇ ಕೂರಬೇಕು, ಇಲ್ಲವೇ ಕಾಲಿಗೆ ಕಚ್ಚು ಕೊರೆದು ಅದರೊಳಗೆ ಕೂರಿಸಬೇಕು. ಆಗ ಸ್ಕ್ರೂ ಮತ್ತು ಅಂಟು ಜೋಡಣೆ ಸರಿಯದಂತೆ ಹಿಡಿದಿಟ್ಟರೆ ಸಾಕು.

ಮರ ತನ್ನ ನಾರಿನ ಉದ್ದಕ್ಕೆ ಬೀಳುವ ಭಾರವನ್ನು ಚೆನ್ನಾಗಿ ತಾಳುವುದರಿಂದ ನೆಟ್ಟಗಿನ ಕಾಲು ಸೋಲುವುದು ಅಪರೂಪ. ಬಾಗುವುದು ಅಡ್ಡಪಟ್ಟಿ. 2 ಇಂಚು ದಪ್ಪ, 4 ಇಂಚು ಅಗಲದ ಪಟ್ಟಿಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿದರೆ ಅದರ ಬಾಗು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಇನ್ನೊಂದು ಜೊತೆ ಕಾಲು ಕೊಟ್ಟು 4 ಅಡಿಯ ಅಂತರವನ್ನು ಎರಡೆರಡು ಅಡಿಗೆ ತಂದರೆ ಬಾಗು ಸುಮಾರು ಹದಿನಾರನೇ ಒಂದು ಭಾಗಕ್ಕೆ ಬರುತ್ತದೆ. ದುಬಾರಿ ಮರಕ್ಕೆ ಹಣ ಸುರಿಯುವುದಕ್ಕಿಂತ ಈ ಎರಡು ಕಾಲುಗಳಿಂದಲೇ ಹೆಚ್ಚು ಲಾಭ.

ಓಲಾಟ

ಭಾರ ತಾಳುವ ಪೀಠವೂ ಪಕ್ಕಕ್ಕೆ ವಾಲಬಹುದು. ಹಿಂಬದಿಗೆ 12 ಮಿಲಿಮೀಟರ್ ಪ್ಲೈವುಡ್ ಹೊಡೆದರೆ ಅಥವಾ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಕೊಟ್ಟರೆ ಓಲಾಟ ನಿಲ್ಲುತ್ತದೆ. ಫಿಲ್ಟರ್ ಪೈಪಿಗಾಗಿ ಹಿಂಬದಿಯನ್ನು ಪೂರ್ತಿ ತೆರೆದಿಡಬಾರದು; ಪೈಪು ತೂರುವಷ್ಟು ರಂಧ್ರ ಕೊರೆದರೆ ಸಾಕು.

ಮರ ಮತ್ತು ಲೇಪ

ತೇಗ, ಹೊನ್ನೆ, ಮತ್ತಿ ಯಾವುದಾದರೂ ಆಗುತ್ತದೆ, ಚೆನ್ನಾಗಿ ಒಣಗಿರಬೇಕು. ಹಸಿಮರ ಒಣಗುತ್ತ ತಿರುಚಿಕೊಂಡು ಚೌಕಟ್ಟನ್ನೇ ಓರೆಯಾಗಿಸುತ್ತದೆ. ಹಲಗೆಗೆ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ತಕ್ಕದು. ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬುತ್ತದೆ. ಪಾಲಿಯುರೆಥೇನ್ ಲೇಪವನ್ನು ಎರಡು ಮೂರು ಸಲ ಬಳಿಯಬೇಕು. ಕೊಯ್ದ ತುದಿಗಳು ಹೆಚ್ಚು ನೀರು ಹೀರುವುದರಿಂದ ಕಾಲಿನ ಅಡಿಭಾಗವನ್ನು ಮರೆಯಕೂಡದು. ನೆಲ ಒರೆಸಿದ ನೀರು ನಿಲ್ಲುವುದೂ ಅಲ್ಲಿಯೇ.

ಸಮತಟ್ಟು

ಪೀಠದ ಮೇಲ್ಮೈ ಎಲ್ಲೋ ಒಂದೆಡೆ ಉಬ್ಬಿದ್ದರೆ ಭಾರವೆಲ್ಲ ಆ ಬಿಂದುವಿಗೆ ಬಿದ್ದು ತಳದ ಗಾಜು ಸೀಳುತ್ತದೆ. ಆದ್ದರಿಂದ ಉದ್ದ, ಅಗಲ, ಕರ್ಣ ಮೂರರಲ್ಲೂ ರಸಮಟ್ಟ ಇಟ್ಟು ನೋಡಬೇಕು. ತಳದ ಗಾಜು ನೇರವಾಗಿ ಹಲಗೆಯ ಮೇಲೆ ಕೂರುವ ತೊಟ್ಟಿಗೆ ಥರ್ಮೊಕೋಲ್ ಹಾಳೆ ಹಾಸಿದರೆ ಸಣ್ಣ ಉಬ್ಬುತಗ್ಗು ಮುಚ್ಚುತ್ತದೆ. ಸುತ್ತಲೂ ಪ್ಲಾಸ್ಟಿಕ್ ಅಂಚಿದ್ದು ಗಾಜು ಮೇಲೆದ್ದಿರುವ ತೊಟ್ಟಿಗೆ ಇದು ಸಲ್ಲದು.

ಎಲ್ಲಿಡಬೇಕು?

ವಾಸದ ಕೋಣೆಯ ಸ್ಲ್ಯಾಬನ್ನು ಐಎಸ್ 875ರ ಪ್ರಕಾರ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ತೊಟ್ಟಿ ತಾನಿರುವ ಜಾಗದಲ್ಲಿ ಇದರ ಮೂರು ನಾಲ್ಕು ಪಟ್ಟು ಭಾರ ಹೇರುತ್ತದೆ. ಈ ಲೆಕ್ಕ ಕೋಣೆಯ ಇಡೀ ನೆಲಕ್ಕೆ ಹರಡಿದ್ದಾದ್ದರಿಂದ ಗಾಬರಿ ಬೇಡ, ಆದರೆ ಮಹಡಿಯ ಮನೆಯಲ್ಲಿ ಕೋಣೆಯ ನಡುಭಾಗ ಬಿಟ್ಟು ತೊಲೆ ಹಾದಿರುವ ಗೋಡೆಯ ಬದಿಗೆ ಇಡುವುದು ಲೇಸು.

ಮೊದಲ ಸಲ ಮೂರನೇ ಒಂದು ಭಾಗ ತುಂಬಿಸಿ ನಿಲ್ಲಿಸಬೇಕು. ನೀರಿನ ಗೆರೆ ತೊಟ್ಟಿಯ ಅಂಚಿಗೆ ಸಮಾನಾಂತರವಾಗಿಲ್ಲದಿದ್ದರೆ ನೀರನ್ನೆಲ್ಲ ತೆಗೆದು, ತೊಟ್ಟಿಯನ್ನೂ ಇಳಿಸಿ, ನೆಲಕ್ಕೂ ಕೆಳಚೌಕಟ್ಟಿಗೂ ನಡುವೆ ಬೆಣೆ ಕೊಡಬೇಕು. ಗಾಜಿನ ಅಡಿಗೆ ಬೆಣೆ ತುರುಕಿದರೆ ತೊಟ್ಟಿ ಒಡೆಯುವುದು ಅಲ್ಲಿಂದಲೇ.